ಬಿಸಿಲಿನ ಹೊಡೆತ: ಸ್ನಾಯು ಕಳಿಸುವ ಸಂದೇಶ

ಸ್ನಾಯುವಿನ ಕೆಲಸವೇನೆಂದು ಕೇಳಿದರೆ 'ಚಲನೆ' ಎನ್ನುತ್ತೀರಿ. ಅದು ಅರ್ಧ ಉತ್ತರ. ದೇಹದ ತೂಕದ ಸುಮಾರು ಶೇ. 40ರಷ್ಟಿರುವ ಈ ಅಂಗಾಂಶ ರಕ್ತದ ಮೂಲಕ ಸಂದೇಶಗಳನ್ನೂ ಕಳಿಸುತ್ತದೆ. ಈ ಸಂದೇಶವಾಹಕ ಪ್ರೋಟೀನುಗಳಿಗೆ 'ಮಯೋಕೈನ್' ಎಂಬ ಹೆಸರನ್ನು ಡೆನ್ಮಾರ್ಕಿನ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದರು.

ಉಷ್ಣಾಘಾತದಲ್ಲಿ ದೇಹದೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಿದುಳಿನ ಕೆಲಸ ಏರುಪೇರಾಗುತ್ತದೆ. ಕರುಳಿನ ಒಳಪದರ ಸಡಿಲಗೊಂಡು ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೋರುತ್ತದೆ, ಉರಿಯೂತ ಹಬ್ಬುತ್ತದೆ. ಅತಿತಾಪಕ್ಕೆ ಸಿಕ್ಕ ಸ್ನಾಯು ಇಂಟರ್‌ಲ್ಯೂಕಿನ್-6 ತಯಾರಿಸುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಉರಿಯೂತ ಕೆರಳಿಸುವ ಕೆಲವು ಸಂಕೇತಗಳನ್ನು ಇದು ಹತ್ತಿಕ್ಕಬಲ್ಲದು.

ಆದರೆ ಈ ರಕ್ಷಣೆಗೂ ಮಿತಿಯುಂಟು. ಬಿಸಿಲಲ್ಲಿ ಓಡುತ್ತಿದ್ದ ಗೆಳೆಯ ತೊದಲುತ್ತ ಕುಸಿದರೆ ತಡಮಾಡದೆ ನೆರಳಿಗೆ ಒಯ್ಯಿರಿ, ಮೈಗೆ ತಣ್ಣೀರು ಸುರಿದು ಗಾಳಿ ಬೀಸಿರಿ, ಆಂಬುಲೆನ್ಸ್ ಕರೆಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.