ಕೆಮ್ಮಣ್ಣಿನಿಂದ ಉಕ್ಕಿಗೆ

ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಗೆ ಆ ಹೆಸರು ಸುಮ್ಮನೆ ಬಂದುದಲ್ಲ. ಅಲ್ಲಿಯ ಮಣ್ಣು ಕೆಂಪು. ಆ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಮಳೆಯಲ್ಲಿ ನೆನೆದ ಕುಡುಗೋಲಿನ ಮೇಲೆ ಮೂಡುವ ತುಕ್ಕು ಇದರ ಹತ್ತಿರದ ಬಂಧುವೇ. ಕಬ್ಬಿಣಕ್ಕೆ ಆಮ್ಲಜನಕದ ಮೇಲೆ ಅಷ್ಟು ಮೋಹ. ಭೂಮಿಯ ಮೇಲ್ಪದರದಲ್ಲಿ ಅದು ಬಿಡಿಯಾಗಿ ಸಿಕ್ಕುವುದು ತೀರ ಅಪರೂಪ; ಹೆಚ್ಚಾಗಿ ಸಿಕ್ಕುವುದೆಲ್ಲ ಇಂತಹ ಅದುರಿನ ರೂಪದಲ್ಲಿ. ಶುದ್ಧವಾದ ಹೆಮಟೈಟ್ ಅದುರಿನ ನೂರು ಪಾಲಿನಲ್ಲಿ 70 ಪಾಲು ಕಬ್ಬಿಣ, 30 ಪಾಲು ಆಮ್ಲಜನಕ.

ಈ ಆಮ್ಲಜನಕವನ್ನು ಬಿಡಿಸುವುದು ಹೇಗೆ? ಬರಿದೆ ಕಾಯಿಸಿದರೆ ಸಾಲದು. ಅದುರು ಕೆಂಪಗೆ ಕಾದೀತು, ಆದರೆ ಲೋಹವಾಗದು. ಆಮ್ಲಜನಕವನ್ನು ತನ್ನೆಡೆಗೆ ಸೆಳೆದುಕೊಳ್ಳಬಲ್ಲ ಮತ್ತೊಂದು ವಸ್ತು ಬೇಕು. ಮನುಷ್ಯನಿಗೆ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ದೊರೆತ ಆ ವಸ್ತು ಇಂಗಾಲ. ಉಕ್ಕಿನ ಕಥೆಯೆಂದರೆ ಬಹುಪಾಲು ಇಂಗಾಲದ ಕಥೆಯೇ ಎಂದು ನಾವು ಹೇಳಿದರೆ ಅತಿಶಯೋಕ್ತಿಯಾಗಲಾರದು. ಅದು ಮಾಡುವ ಕೆಲಸ ಒಂದಲ್ಲ, ಮೂರು: ಉರಿದು ಕಾವು ಕೊಡುತ್ತದೆ, ಅದುರಿನ ಆಮ್ಲಜನಕವನ್ನು ಕಸಿಯುತ್ತದೆ, ಕೊನೆಗೆ ತಾನೂ ಅಷ್ಟಿಷ್ಟು ಲೋಹದಲ್ಲಿ ಸೇರಿ ಅದನ್ನು ಗಟ್ಟಿಗೊಳಿಸುತ್ತದೆ.

ಮೊದಲಿನ ಎರಡು ಕೆಲಸಗಳೂ ನಡೆಯುವುದು ಊದುಕುಲುಮೆಯಲ್ಲಿ. ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಹೊದಿಸಿದ, ಗೋಪುರದಂತಹ ಕುಲುಮೆ ಇದು. ಅದುರು, ಇಂಗಾಲ, ಸುಣ್ಣಕಲ್ಲು ಇವನ್ನು ಪದರಪದರವಾಗಿ ಮೇಲಿನಿಂದ ಸುರಿಯುತ್ತಾರೆ. ಕೆಳಗಿನ ಕೊಳವೆಗಳಿಂದ ಕಾಯಿಸಿದ ಗಾಳಿ ರಭಸದಿಂದ ನುಗ್ಗುತ್ತದೆ. ಕೊಳವೆಗಳ ಬಾಯಲ್ಲಿ ಇಂಗಾಲ ಉರಿದು ಉಷ್ಣತೆ ಸುಮಾರು 2000 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಅಲ್ಲಿ ಹುಟ್ಟಿದ ಅನಿಲ ಇನ್ನಷ್ಟು ಇಂಗಾಲದೊಡನೆ ಕೂಡಿ ಇಂಗಾಲದ ಮಾನಾಕ್ಸೈಡಾಗುತ್ತದೆ. ನಿಜವಾದ ಕಳ್ಳ ಇದೇ. ಮೇಲಕ್ಕೇರುತ್ತ, ಇಳಿದು ಬರುತ್ತಿರುವ ಅದುರಿನ ಸಂದುಸಂದುಗಳಲ್ಲಿ ತೂರಿ, ಅದರ ಆಮ್ಲಜನಕವನ್ನು ಕದ್ದು ಡಯಾಕ್ಸೈಡಾಗಿ ಹೊರಟುಹೋಗುತ್ತದೆ. ಸುಣ್ಣಕಲ್ಲು ಅದುರಿನೊಳಗಿನ ಮರಳು ಮಣ್ಣುಗಳೊಡನೆ ಬೆರೆತು ಕಿಟ್ಟವಾಗುತ್ತದೆ. ಕಿಟ್ಟ ಹಗುರ, ಕಬ್ಬಿಣ ಭಾರ; ಆದುದರಿಂದ ಕುಲುಮೆಯ ತಳದಲ್ಲಿ ಹಾಲಿನ ಮೇಲೆ ಕೆನೆ ನಿಂತಂತೆ ಕಿಟ್ಟ ತೇಲಿ ನಿಲ್ಲುತ್ತದೆ. ಎರಡನ್ನೂ ಬೇರೆಬೇರೆಯಾಗಿ ಹರಿಯಬಿಡಬಹುದು.

ಇಷ್ಟೆಲ್ಲ ಸರಿ; ಆದರೆ ಆ ಇಂಗಾಲ ಬರುವುದು ಎಲ್ಲಿಂದ? ಮೊದಲು ಎಲ್ಲೆಡೆಯೂ ಬಳಸುತ್ತಿದ್ದುದು ಇದ್ದಿಲನ್ನು. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಕಲ್ಲಿದ್ದಲನ್ನು ಬೇಯಿಸಿ ತೆಗೆದ ಕೋಕಿನಿಂದ ಕಬ್ಬಿಣ ಕರಗಿಸಿ ತೋರಿಸಿದನು. ಕೋಕು ಗಟ್ಟಿ, ಮೇಲಿನ ಅದುರಿನ ಭಾರಕ್ಕೆ ಪುಡಿಯಾಗದೆ, ಗಾಳಿ ಏರಲು ದಾರಿ ಬಿಡುತ್ತದೆ. ಇದ್ದಿಲು ಹಾಗಲ್ಲ. ಹೀಗಾಗಿ ಇದ್ದಿಲಿನ ಕುಲುಮೆಯನ್ನು ಬಹಳ ಎತ್ತರಕ್ಕೆ ಕಟ್ಟಲಾಗದು.

ಕನ್ನಡನಾಡಿನಲ್ಲಿ ಅದುರು ಹೇರಳ, ಕಲ್ಲಿದ್ದಲು ಇಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದು ಇದ್ದಿಲನ್ನೇ ನಂಬಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಮೇಲ್ವಿಚಾರಣೆಯಲ್ಲಿ ಬೆಳೆದ ಈ ಕಾರ್ಖಾನೆಗೆ ಅದುರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಸೌದೆ ಮಲೆನಾಡಿನ ಕಾಡುಗಳಿಂದ. ಸೌದೆಯನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಬಂದ ಆವಿಯನ್ನೂ ವ್ಯರ್ಥಮಾಡದೆ ತಣಿಸಿ ಮರದ ಮದ್ಯಸಾರ, ಟಾರು ಮೊದಲಾದುವನ್ನು ಸಂಗ್ರಹಿಸುತ್ತಿದ್ದರು. ಇದ್ದಿಲಿನಲ್ಲಿ ಗಂಧಕ ತೀರ ಕಡಮೆಯಾದ್ದರಿಂದ ಕಬ್ಬಿಣವೂ ಉತ್ತಮವಾಗಿ ಬರುತ್ತಿತ್ತು. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಟನ್ನು ಕಬ್ಬಿಣಕ್ಕೆ ಹೆಚ್ಚುಕಡಮೆ ಒಂದು ಟನ್ನು ಇದ್ದಿಲು. ಒಂದು ಟನ್ನು ಇದ್ದಿಲಿಗೆ ನಾಲ್ಕೈದು ಟನ್ನು ಸೌದೆ. ದಿನಕ್ಕೆ 50 ಟನ್ನು ಕಬ್ಬಿಣ ಕೊಡುವ ಕುಲುಮೆಯೊಂದಿದ್ದರೆ ಅದು ದಿನವೂ 200 ಟನ್ನಿಗೆ ಮಿಕ್ಕಿ ಸೌದೆಯನ್ನು ನುಂಗಬೇಕು! ಯಾವ ಕಾಡಾದರೂ ಇದಕ್ಕೆ ಎಷ್ಟು ಕಾಲ ಈಡಾದೀತು?

ಊದುಕುಲುಮೆಯಿಂದ ಇಳಿದುದು ಇನ್ನೂ ಉಕ್ಕಲ್ಲ, ಬೀಡು ಕಬ್ಬಿಣ. ಅದರಲ್ಲಿ ನೂರಕ್ಕೆ ಸುಮಾರು 4 ಪಾಲು ಇಂಗಾಲ ಸೇರಿರುತ್ತದೆ. ಅಚ್ಚಿಗೆ ಎರೆಯಲು ಅದು ಒಳ್ಳೆಯದು. ಸುತ್ತಿಗೆಯ ಪೆಟ್ಟು ಬಿದ್ದರೆ ಮಾತ್ರ ಒಡೆದುಹೋಗುತ್ತದೆ. ಇಂಗಾಲವೇ ಇಲ್ಲದ ಕಬ್ಬಿಣವೋ, ಮೆತ್ತಗೆ, ಬೇಗ ಬಾಗುತ್ತದೆ. ಕಬ್ಬಿಣದ ಪರಮಾಣುಗಳ ಅಚ್ಚುಕಟ್ಟಾದ ಸಾಲುಗಳು ಒಂದರ ಮೇಲೊಂದು ಜಾರುವುದೇ ಈ ಮೆತುತನಕ್ಕೆ ಕಾರಣ. ಪುಟ್ಟ ಇಂಗಾಲದ ಪರಮಾಣುಗಳು ಸಾಲುಗಳ ನಡುವೆ ಸಿಕ್ಕಿಕೊಂಡು ಆ ಜಾರುವಿಕೆಯನ್ನು ತಡೆಯುತ್ತವೆ. ಸಾರಿಗೆ ಉಪ್ಪಿನಂತೆ, ಹದವೇ ಇಲ್ಲಿ ಎಲ್ಲ. ತಂತಿಗೆ ನೂರಕ್ಕೆ 0.1ರಷ್ಟು ಇಂಗಾಲ ಸಾಕು. ರೈಲು ಕಂಬಿಗೆ 0.7ರ ಆಸುಪಾಸು ಬೇಕು. ಅರಕ್ಕೆ 1ಕ್ಕಿಂತ ತುಸು ಹೆಚ್ಚು.

ಆದ್ದರಿಂದ, ಕಷ್ಟಪಟ್ಟು ಆಮ್ಲಜನಕ ಬಿಡಿಸಿದ ಕಬ್ಬಿಣಕ್ಕೆ ಮತ್ತೆ ಆಮ್ಲಜನಕವನ್ನೇ ಊದಿ ಇಂಗಾಲವನ್ನು ಸುಡಬೇಕು! 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಬೀಡಿನೊಳಕ್ಕೆ ತಣ್ಣನೆಯ ಗಾಳಿ ಹಾಯಿಸಿ ಉಕ್ಕು ಮಾಡುವ ವಿಧಾನವನ್ನು ಪ್ರಕಟಿಸಿದಾಗ ಅನೇಕರಿಗೆ ನಂಬಿಕೆ ಬರಲಿಲ್ಲ. ಗಾಳಿ ಊದಿದರೆ ಲೋಹ ತಣಿದು ಹೆಪ್ಪುಗಟ್ಟಬೇಡವೆ? ಆದುದು ತದ್ವಿರುದ್ಧ. ಬೀಡಿನಲ್ಲಿದ್ದ ಸಿಲಿಕಾನು, ಇಂಗಾಲಗಳೇ ಉರಿದು ಸೌದೆಯ ಕೆಲಸ ಮಾಡಿದುವು. ರಂಜಕವೊಂದು ಮಾತ್ರ ಹಠಹಿಡಿದು ಒಳಗೇ ಉಳಿಯಿತು. ಅದನ್ನು ಸುಣ್ಣದ ಬಲದಿಂದ ಹೊರಹಾಕುವ ಉಪಾಯವನ್ನು ಸಿಡ್ನಿ ಗಿಲ್ಕ್ರಿಸ್ಟ್ ಥಾಮಸ್ 1870ರ ದಶಕದಲ್ಲಿ ಕಂಡುಹಿಡಿದನು. 1952ರಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನೇ ಮೇಲಿನಿಂದ ಊದುವ ಪದ್ಧತಿ ಬಳಕೆಗೆ ಬಂದಿತು. ನೂರಾರು ಟನ್ನು ಬೀಡು ಈ ರೀತಿಯಲ್ಲಿ ಇಪ್ಪತ್ತು ನಿಮಿಷಗಳೊಳಗೆ ಉಕ್ಕಾಗುತ್ತದೆ. ಕಾವು ಮಿತಿಮೀರದಿರಲೆಂದು ಗುಜರಿ ಕಬ್ಬಿಣವನ್ನು ನಡುವೆ ಹಾಕಿ ತಣಿಸಬೇಕಾಗುವುದು ಇಲ್ಲಿಯ ಸೊಗಸು.

ಈಗ ಮತ್ತೊಂದು ಲೆಕ್ಕ. ಒಂದು ಟನ್ನು ಕಬ್ಬಿಣದ ಆಮ್ಲಜನಕವನ್ನು ಬಿಡಿಸಲು ರಸಾಯನಶಾಸ್ತ್ರದ ಪ್ರಕಾರ ಸುಮಾರು 160 ಕಿಲೋಗ್ರಾಂ ಇಂಗಾಲ ಸಾಕು. ಊದುಕುಲುಮೆ ಬಳಸುವುದು ಇದರ ಎರಡು ಮೂರು ಪಟ್ಟು. ಮಿಕ್ಕುದೆಲ್ಲ ಮುಖ್ಯವಾಗಿ ಕಾವಿಗಾಗಿ. ಕೊನೆಗೆ ಒಂದು ಟನ್ನು ಉಕ್ಕಿನ ಹಿಂದೆ ಸುಮಾರು ಎರಡು ಟನ್ನು ಇಂಗಾಲದ ಡಯಾಕ್ಸೈಡು ಆಕಾಶ ಸೇರುತ್ತದೆ. ಅಂದು ಕಾಡಿನ ಮೇಲಿದ್ದ ಭಾರ ಇಂದು ವಾಯುಮಂಡಲದ ಮೇಲೆ ಬಿದ್ದಿದೆ, ಭೂಮಿ ಬೆಚ್ಚಗಾಗುತ್ತಿದೆ.

ಇಂಗಾಲದ ಕೆಲಸಗಳನ್ನು ಬೇರೆಯವರಿಗೆ ಹಂಚಲು ಬಂದೀತೆ? ಭದ್ರಾವತಿಯೇ 1952ರಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಜಲವಿದ್ಯುತ್ತಿನಿಂದ ಕಾಯುವ ಕುಲುಮೆಗಳು ಅಲ್ಲಿ ಬಂದುವು. ಕಾವು ಕೊಡುವ ಹೊಣೆ ವಿದ್ಯುತ್ತಿಗೆ ಹೋದುದರಿಂದ ಇಂಗಾಲದ ಖರ್ಚು ಬಹಳ ಇಳಿಯಿತು. ಆಮ್ಲಜನಕ ಕದಿಯುವ ಕೆಲಸ ಮಾತ್ರ ಇಂಗಾಲದ್ದೇ ಆಗಿತ್ತು.

ಆ ಎರಡನೆಯ ಕೆಲಸವನ್ನು ಜಲಜನಕ ಮಾಡಬಲ್ಲುದು. ಕಾದ ಅದುರಿನ ಮೂಲಕ ಅದನ್ನು ಹಾಯಿಸಿದರೆ ಹೊರಬರುವುದು ಬರಿಯ ನೀರಾವಿ. ಸ್ವೀಡನ್ನಿನ ಲುಲಿಯೊ ನಗರದಲ್ಲಿ ಈ ಪ್ರಯೋಗ ನಡೆದು, 2021ರಲ್ಲಿ ಇಂತಹ ಕಬ್ಬಿಣದ ಉಕ್ಕು ಮೊದಲ ಬಾರಿಗೆ ಗಿರಾಕಿಯ ಕೈಸೇರಿತು. ಜಲಜನಕವನ್ನು ನೀರಿನಿಂದ ಬಿಡಿಸಲು ಅಪಾರ ವಿದ್ಯುತ್ತು ಬೇಕು. ಆ ವಿದ್ಯುತ್ತನ್ನೂ ಕಲ್ಲಿದ್ದಲಿನಿಂದಲೇ ತೆಗೆದರೆ ಪಟ್ಟ ಶ್ರಮವೆಲ್ಲ ದಂಡ. ಬಿಸಿಲು, ಗಾಳಿ, ನೀರುಗಳಿಂದ ಅಗ್ಗದ ವಿದ್ಯುತ್ತು ಎಷ್ಟು ಸಿಕ್ಕೀತು ಎಂಬುದರ ಮೇಲೆ ಈ ವಿಧಾನದ ಭವಿಷ್ಯ ನಿಂತಿದೆ.

ಮೂರನೆಯ ಕೆಲಸಕ್ಕೆ ಮಾತ್ರ ಬದಲಿಯಿಲ್ಲ. ಶುದ್ಧ ಜಲಜನಕದಿಂದ ಬಂದ ಕಬ್ಬಿಣದಲ್ಲಿ ಇಂಗಾಲವಿರುವುದಿಲ್ಲ. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವಾಗ ಅಳೆದು ಸೇರಿಸಬೇಕು. ನಮ್ಮ ಹಳೆಯ ಕಮ್ಮಾರರು ಮೆದು ಕಬ್ಬಿಣದ ಜೊತೆಗೆ ತಂಗಡಿಯ ಕಡ್ಡಿಗಳನ್ನೂ ಹಸುರೆಲೆಯನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಕಾಯಿಸುತ್ತಿದ್ದುದು ಇದನ್ನೇ ಸಾಧಿಸಲು. ಆ ಉಕ್ಕು ಯೂರೋಪಿನಲ್ಲಿ ‘ವೂಟ್ಸ್’ ಎನಿಸಿಕೊಂಡಿತು; ‘ಉಕ್ಕು’ ಎಂಬ ನಮ್ಮ ಮಾತೇ ಹೀಗೆ ತಿರುಚಿಕೊಂಡಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದರ ಗುಟ್ಟನ್ನು ಅರಿಯಲು ಲಂಡನ್ನಿನಲ್ಲಿ 1819ರ ಸುಮಾರಿಗೆ ಕುಲುಮೆಯ ಮುಂದೆ ಕುಳಿತವರಲ್ಲಿ ಮೈಕೇಲ್ ಫ್ಯಾರಡೆಯೂ ಒಬ್ಬನು.