ಬಾಡಿಗೆದಾರರಿಗೆ ಒಂದು ಕಾಗದ

ನಮ್ಮ ಸದಸ್ಯರಲ್ಲಿ ಪೇಟೆಯಲ್ಲಿ ಒಂದು ಮನೆಯೋ ಮಳಿಗೆಯೋ ಇರುವವರು ಕಡಿಮೆಯಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೊಂಡದ್ದು, ಮಕ್ಕಳ ಓದಿಗೆಂದು ಕಟ್ಟಿಸಿದ್ದು, ಹಿಸ್ಸೆಯಲ್ಲಿ ಪಾಲಿಗೆ ಬಂದದ್ದು, ಹೀಗೆ. ತೋಟದ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಡುವ ಅನೇಕರು ಬಾಡಿಗೆಯ ವ್ಯವಹಾರವನ್ನು ಮಾತ್ರ ಬಾಯಿಮಾತಿನಲ್ಲೇ ನಡೆಸುತ್ತಾರೆ. ಆಸ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಇದರ ತೊಡಕು ತಿಳಿಯುತ್ತದೆ. ಇಲ್ಲಿ ನಾವು ಹೇಳುವುದು ಮನೆ, ಮಳಿಗೆಗಳ ಬಗ್ಗೆ ಮಾತ್ರ. ತೋಟ, ಗದ್ದೆಗಳ ಗೇಣಿಗೆ ಭೂಸುಧಾರಣಾ ಕಾನೂನಿನ ಕಟ್ಟುಪಾಡು ಬೇರೆಯೇ ಉಂಟು.

ಒಂದು ಉದಾಹರಣೆ ನೋಡೋಣ. ತಿಂಗಳಿಗೆ 6,000 ರೂಪಾಯಿ ಬಾಡಿಗೆ ಬರುವ ಮಳಿಗೆಯೊಂದನ್ನು ಒಬ್ಬ ಬೆಳೆಗಾರರು ಕ್ರಯಕ್ಕೆ ಪಡೆದರು. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಬಾಡಿಗೆದಾರರಿಗೆ ತಿಳಿಸಲಿಲ್ಲ. ಆತ ಎಂದಿನಂತೆ ನಾಲ್ಕು ತಿಂಗಳ ಬಾಡಿಗೆಯನ್ನು ಹಳೆಯ ಮಾಲೀಕರಿಗೇ ಕೊಟ್ಟರು. ಆ 24,000 ರೂಪಾಯಿಯನ್ನು ಹೊಸ ಮಾಲೀಕರು ಬಾಡಿಗೆದಾರರಿಂದ ಮತ್ತೆ ಕೇಳಬಹುದೇ? ಕೇಳುವಂತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 109ನೇ ಕಲಮಿನ ಪ್ರಕಾರ, ಆಸ್ತಿ ವರ್ಗವಾಗಿದೆಯೆಂದು ನಂಬಲು ಕಾರಣವಿಲ್ಲದೆ ಹಳೆಯ ಮಾಲೀಕರಿಗೆ ಬಾಡಿಗೆ ಕೊಟ್ಟವರು ಅದನ್ನು ಎರಡನೆಯ ಸಲ ಕೊಡಬೇಕಾಗಿಲ್ಲ. ಹಳೆಯ ಮಾಲೀಕರ ಹಿಂದೆ ಅಲೆಯುವುದು ಕೊಂಡವರ ಪಾಡು. ಸಕಾಲದಲ್ಲಿ ಒಂದು ಕಾಗದ ಬರೆದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಇದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ವರ್ಗವಾಗುವ ಮೊದಲೇ ಬಾಕಿ ಬಿದ್ದ ಬಾಡಿಗೆ ಹೊಸಬರಿಗೆ ತಾನಾಗಿ ಸೇರುವುದಿಲ್ಲ. ಆದ್ದರಿಂದ ಕ್ರಯಪತ್ರ ಮಾಡುವ ಮೊದಲೇ ಹಳೇ ಬಾಕಿ ಯಾರದು, ಬಾಡಿಗೆದಾರರು ಕೊಟ್ಟ ಮುಂಗಡ ಯಾರ ಕೈಯಲ್ಲಿದೆ ಎಂಬ ಎರಡನ್ನೂ ತೀರ್ಮಾನಿಸಿಕೊಳ್ಳಬೇಕು. ಮುಂಗಡವನ್ನು ಕ್ರಯದ ಹಣದಲ್ಲಿ ಮುರಿದುಕೊಳ್ಳುವುದು ಸುಲಭದ ದಾರಿ.

ಕಾಗದ ಹೀಗಿರಬಹುದು:

"ಶ್ರೀ ...... ಅವರಿಗೆ, ನಮಸ್ಕಾರಗಳು. ತಾವು ಬಾಡಿಗೆಗೆ ಇರುವ ...... ನಂಬ್ರದ ಮಳಿಗೆಯನ್ನು ತಾರೀಕು ...... ರಂದು ನೋಂದಣಿಯಾದ ಕ್ರಯಪತ್ರದ ಮೂಲಕ ಶ್ರೀ ...... ಅವರಿಗೆ ಮಾರಿರುತ್ತೇನೆ. ...... ತಿಂಗಳಿನಿಂದ ಬಾಡಿಗೆಯನ್ನು ಅವರಿಗೇ ಸಲ್ಲಿಸಬೇಕು. ತಾವು ಕೊಟ್ಟಿದ್ದ ಮುಂಗಡ ...... ರೂ.ಗಳನ್ನು ಅವರಿಗೆ ವಹಿಸಿರುತ್ತೇನೆ. ತಾವು ಬಿಡುವಾಗ ಅವರೇ ಹಿಂತಿರುಗಿಸುತ್ತಾರೆ. ತಮ್ಮ ಕರಾರಿನ ಉಳಿದ ಷರತ್ತುಗಳು ಇದ್ದಂತೆಯೇ ಮುಂದುವರಿಯುತ್ತವೆ."

ಇದಕ್ಕೆ ಮಾರಿದವರು, ಕೊಂಡವರು ಇಬ್ಬರೂ ರುಜು ಹಾಕಬೇಕು. ಹೊಸಬರೊಬ್ಬರೇ ಹೋಗಿ ಬಾಡಿಗೆ ಕೇಳಿದರೆ ಬಾಡಿಗೆದಾರರು ಅನುಮಾನಿಸುವುದು ಸಹಜ. ಬ್ಯಾಂಕಿಗೆ ಹಣ ಕಟ್ಟುವವರಾದರೆ ಹೊಸ ಖಾತೆಯ ನಂಬ್ರವನ್ನೂ ಕಾಣಿಸಬೇಕು. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಹಿತ ರುಜು ಪಡೆದುಕೊಳ್ಳಿ. ದೂರದವರಿಗೆ ಅಂಚೆಯಲ್ಲಿ ಕಳಿಸುವುದಾದರೆ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ, ಆ ಚೀಟಿಯನ್ನು ಪತ್ರದ ಜೊತೆಗೇ ಇಡಿ.

ತಂದೆ ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಅಣ್ಣ ಒಂದು ತಿಂಗಳು, ತಮ್ಮ ಒಂದು ತಿಂಗಳು ಹೋಗಿ ಕೇಳಿದರೆ ಬಾಡಿಗೆದಾರರು ಯಾರಿಗೂ ಕೊಡದೆ ಸುಮ್ಮನಿದ್ದುಬಿಟ್ಟಾರು. ಹೆಣ್ಣುಮಕ್ಕಳೂ ಸೇರಿ ವಾರಸುದಾರರೆಲ್ಲರೂ ಒಂದೇ ಕಾಗದಕ್ಕೆ ರುಜು ಹಾಕಿ, ಪಾಲು ಆಗುವವರೆಗೆ ಬಾಡಿಗೆ ಪಡೆಯುವವರು ಇಂಥವರೆಂದು ತಿಳಿಸುವುದು ಮೇಲು. ಮನೆಯೊಳಗಿನ ಮನಸ್ತಾಪವೂ ಇದರಿಂದ ಎಷ್ಟೋ ತಪ್ಪುತ್ತದೆ.

ಮಾಲೀಕರು ಬದಲಾದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲವೆಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಹಳೆಯ ಕರಾರಿನ ಅವಧಿಗೆ ಹೊಸಬರೂ ಬದ್ಧರು. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಅದೇ ಕಾಯಿದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟೀಸು ಬೇಕು. 1999ರ ಕರ್ನಾಟಕ ಬಾಡಿಗೆ ಕಾಯಿದೆಗೆ ಒಳಪಡುವ ಕಟ್ಟಡವಾದರೆ ಆ ಕಾಯಿದೆಯಲ್ಲಿ ಹೇಳಿದ ಕಾರಣಗಳಿಗಾಗಿ, ನ್ಯಾಯಾಲಯದ ಮೂಲಕವೇ ಬಿಡಿಸಿಕೊಳ್ಳಬೇಕು.

ಹೊಸದಾಗಿ ಬಾಡಿಗೆಗೆ ಕೊಡುವಾಗಲೂ ಒಂದು ಪುಟದ ಕಾಗದ ಸಾಕು. ಒಕ್ಕಲು ಬಂದ ತಾರೀಕು, ಬಾಡಿಗೆ, ಮುಂಗಡ, ಆ ದಿನ ವಿದ್ಯುತ್ ಮೀಟರಿನಲ್ಲಿದ್ದ ಅಂಕಿ, ಕೊಟ್ಟ ಬೀಗದ ಕೈಗಳ ಸಂಖ್ಯೆ, ಒಡೆದ ಹೆಂಚು ಕಿಟಕಿಗಳ ವಿವರ ಅದರಲ್ಲಿರಲಿ. ಕರಾರು ಒಂದು ವರ್ಷಕ್ಕೆ ಮೀರುವುದಾದರೆ ನೋಂದಣಿ ಮಾಡಿಸಲೇಬೇಕು.

ಕಾಗದದ ಕರಡು ಬೇಕಾದ ಸದಸ್ಯರು ಸಂತೆಗೆ ಬಂದಾಗ ಸಂಘದ ಕಚೇರಿಯಲ್ಲಿ ನಮ್ಮನ್ನು ಕಾಣಬಹುದು. ಆಸ್ತಿಯಲ್ಲಿ ತಕರಾರು ಇದ್ದರೆ ಮಾತ್ರ ಮೊದಲು ವಕೀಲರ ಸಲಹೆ ಪಡೆಯಿರಿ.