ಮಲೆನಾಡಿನ ಜಗಲಿಯಲ್ಲಿ ಚಿಕ್ಕಮಗಳೂರು

ಕಡೂರಿನಿಂದ ಚಿಕ್ಕಮಗಳೂರಿಗೆ ಬರುವ ಸುಮಾರು 40 ಕಿಲೋಮೀಟರುಗಳ ಹಾದಿಯಲ್ಲಿ, ಹೊರಟ ಹೊತ್ತಿಗೆ ಎಡಬಲಗಳಲ್ಲಿ ಕಾಣುವ ರಾಗಿಯ ಹೊಲ, ತೆಂಗಿನ ತೋಟ, ಜಾಲಿಯ ಪೊದೆ, ಕೆಂಪು ಧೂಳು ಇವೆಲ್ಲವೂ ಸಖರಾಯಪಟ್ಟಣವನ್ನು ದಾಟುವಷ್ಟರಲ್ಲಿ ಒಂದೊಂದಾಗಿ ಹಿಂದುಳಿದು, ದಿಗಂತದಲ್ಲಿ ಕೇವಲ ನೀಲಿಯ ರೇಖೆಯಾಗಿ ತೋರುತ್ತಿದ್ದ ಗಿರಿಶ್ರೇಣಿಯು ಬಳಿಸಾರಿ ಬಂದು ಹಸುರು ತಾಳಿ, ಊರನ್ನು ಮುಟ್ಟುವ ವೇಳೆಗೆ ಬೀಸುವ ಗಾಳಿಯೇ ಬೇರೆಯಾಗಿಬಿಡುತ್ತದೆ. ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸಲು ಬಾರದು. ಹಿಂದಿನವರು ಇಂತಹ ನೆಲವನ್ನು ಅರೆಮಲೆನಾಡು ಎಂದು ಕರೆದರು. ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕುಳಿತವನು ಮಳೆಯಲ್ಲಿ ನೆನೆಯುವುದಿಲ್ಲ, ಆದರೆ ಮಳೆ ಅವನ ಕಣ್ಣಿಗೂ ಕಿವಿಗೂ ಮರೆಯಾಗುವುದಿಲ್ಲ. ಚಿಕ್ಕಮಗಳೂರು ಅಂತಹದೊಂದು ಜಗಲಿಯ ಮೇಲೆ ಕುಳಿತಿದೆ.

ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ತುಸು ಮೇಲೆ ನೆಲೆಗೊಂಡಿರುವ ಈ ನಗರದ ಬೆನ್ನಿಗೆ ಚಂದ್ರದ್ರೋಣ ಪರ್ವತವಿದೆ. ಅರ್ಧಚಂದ್ರಾಕೃತಿಯಲ್ಲಿ ಬಾಗಿ ಜಾಗರ ಕಣಿವೆಯನ್ನು ತನ್ನ ಒಡಲಿನಲ್ಲಿ ಇಟ್ಟುಕೊಂಡಿರುವ ಈ ಶ್ರೇಣಿಯಲ್ಲಿಯೇ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ, ಅದರ ಪಾರ್ಶ್ವದಲ್ಲಿ ಸೀತಾಳಯ್ಯನಗಿರಿಯೂ, ಬಾಬಾಬುಡನ್‌ಗಿರಿಯೂ ಇವೆ. ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಗಿಂತ ಎತ್ತರದ ಶಿಖರವಿಲ್ಲ. ಆದರೆ ಊರಿನವರು ಶಿಖರಗಳ ಹೆಸರು ಹಿಡಿದು ಮಾತನಾಡುವುದು ಕಡಮೆ. ಅವರಿಗೆ ಅದೆಲ್ಲವೂ 'ಗಿರಿ' ಅಷ್ಟೆ. ಗಿರಿಗೆ ಮೋಡ ಇಳಿದಿದೆ, ಗಿರಿಯಲ್ಲಿ ಮಳೆ ಹಿಡಿದಿದೆ, ಗಿರಿಗೆ ಬೆಂಕಿ ಬಿದ್ದಿದೆಯಂತೆ, ಹೀಗೆ ದಿನದ ವರ್ತಮಾನವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ.

ಗಿರಿಯ ಮಹತ್ತ್ವವನ್ನು ಅದರ ಎತ್ತರದಿಂದ ಅಳೆಯುವುದಕ್ಕಿಂತ ಅದು ಕಳುಹಿಸಿಕೊಡುವ ನೀರಿನಿಂದ ಅಳೆಯುವುದು ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ. ಈ ಬೆಟ್ಟಗಳಲ್ಲಿ ಜನಿಸಿದ ಯಗಚಿಯು ಬೇಲೂರಿನ ಕಡೆಗೆ ಹರಿದು, ಗೊರೂರಿನ ಬಳಿ ಹೇಮಾವತಿಯನ್ನು ಕೂಡಿ, ಅಲ್ಲಿಂದ ಕಾವೇರಿಯ ಪಾಲಾಗುತ್ತದೆ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕಡೂರಿನ ಸಮೀಪದಲ್ಲಿ ಸಂಗಮಿಸಿ ವೇದಾವತಿಯಾಗಿ, ಚಿತ್ರದುರ್ಗದ ಒಣನೆಲವನ್ನು ಹೊಕ್ಕು, ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ತುಂಬಿಸಿ, ಕಟ್ಟಕಡೆಗೆ ತುಂಗಭದ್ರೆಗೆ ಸೇರುತ್ತದೆ. ಜಾಗರ ಕಣಿವೆಯ ಸೋಮವಾಹಿನಿಯಾದರೋ ಪಶ್ಚಿಮಕ್ಕೆ ಇಳಿದು ಭದ್ರೆಯನ್ನು ಅರಸಿಕೊಂಡು ಹೋಗುತ್ತದೆ. ಒಂದೇ ಮೋಡದಿಂದ ಒಂದೇ ದಿಣ್ಣೆಯ ಮೇಲೆ ಬಿದ್ದ ಹನಿಗಳಲ್ಲಿ ಒಂದು ಶ್ರೀರಂಗಪಟ್ಟಣವನ್ನೂ, ಇನ್ನೊಂದು ಹಿರಿಯೂರನ್ನೂ, ಮತ್ತೊಂದು ಹಂಪೆಯನ್ನೂ ಕಾಣುವುದೆಂದರೆ, ಈ ಬೆಟ್ಟದ ಯೋಗಕ್ಷೇಮವು ಕೇವಲ ಒಂದು ಜಿಲ್ಲೆಯ ಕಾರ್ಯವಲ್ಲವೆಂಬುದು ಸ್ಪಷ್ಟ. 1933ರ ತರುವಾಯ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರದ ಕೋಡಿ ಹರಿದಾಗ ಹಿರಿಯೂರಿನ ಜನ ತಂಡೋಪತಂಡವಾಗಿ ಹೋಗಿ ನೋಡಿದರು. ಆ ನೀರಿನಲ್ಲಿ ಈ ಗಿರಿಯ ಪಾಲೂ ಇತ್ತು.

ಇನ್ನು ಕೆರೆಗಳು. ನಗರದ ಒಳಗೂ ಅಂಚಿನಲ್ಲಿಯೂ ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ ಇವೆ. ಬೆಟ್ಟದ ತಪ್ಪಲಿನ ಹಿರೇಕೊಳಲೆ ಕೆರೆಯು ಊರಿಗೆ ಕುಡಿಯುವ ನೀರಿಗಾಗಿ ನೆಚ್ಚಿದ ಕೆರೆ. ಈಗ ಯಗಚಿಯ ನೀರೂ ಅದಕ್ಕೆ ಜೊತೆಗೂಡಿದೆ. ಆದರೆ ಕೆರೆಯೆಂದರೆ ಏನೆಂಬುದನ್ನು ಅರಿಯಬೇಕಾದವನು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಹೋಗಬೇಕು. ಸಖರಾಯಪಟ್ಟಣದ ರುಕ್ಮಾಂಗದರಾಯನು ಇದನ್ನು ಕಟ್ಟಿಸಿದನೆಂದು ಐತಿಹ್ಯ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಶಕುನಗಿರಿಯ ಬುಡದಲ್ಲಿ ವೇದಾ ಹೊಳೆಗೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿದ ಈ ಜಲರಾಶಿಯ ಮುಂದೆ ಶ್ರಾವಣದ ಒಂದು ಬೆಳಗ್ಗೆ ನಿಂತರೆ, ಮೊದಲು ಕಣ್ಣಿಗೆ ಬೀಳುವುದು ನೀರಿನಲ್ಲಿ ತಲೆಕೆಳಗಾಗಿ ನಿಂತ ಬೆಟ್ಟ. ಆಮೇಲೆ ನಿಧಾನವಾಗಿ ಕಾಣಿಸುವುವು ಏರಿಯ ಒಳಮೈಗೆ ಹೊದಿಸಿದ ಕಲ್ಲುಗಳು, ಆ ಕಲ್ಲುಗಳ ಸಂದಿನಲ್ಲಿ ಬೇರೂರಿದ ಹುಲ್ಲು, ಏರಿಯ ಆಚೆ ಕೆಳಗಡೆ ಅಚ್ಚುಕಟ್ಟಿನ ಗದ್ದೆ ಮತ್ತು ಅಡಕೆ ತೋಟ, ಅವುಗಳ ನಡುವೆ ಸದ್ದಿಲ್ಲದೆ ಸಾಗುವ ಕಾಲುವೆ. ಶತಮಾನಗಳ ಹಿಂದೆ ಯಾರೋ ಹೆಸರಿಲ್ಲದ ಒಡ್ಡರು ಮಣ್ಣು ಹೊತ್ತು ತುಳಿದು ಗಟ್ಟಿಮಾಡಿದ ಏರಿಯ ಮೇಲೆ ಇಂದಿಗೂ ದನಕರುಗಳು ನಡೆಯುತ್ತವೆ, ತೂಬಿನಿಂದ ಇಂದಿಗೂ ನೀರು ಇಳಿಯುತ್ತದೆ. ಅಯ್ಯನಕೆರೆ ಕೋಡಿ ಬಿದ್ದಿತೆಂಬ ಸುದ್ದಿಯು ಊರಿಂದೂರಿಗೆ ಹಬ್ಬುವ ರೀತಿಯನ್ನು ನೋಡಿದರೆ, ನೀರು ತುಂಬುವುದು ಈ ಸೀಮೆಯ ಜನಕ್ಕೆ ಎಷ್ಟು ದೊಡ್ಡ ಸಂಭ್ರಮವೆಂಬುದು ತಿಳಿಯುತ್ತದೆ. ಬಾಗಿನ ಕೊಟ್ಟು ಕೈಮುಗಿಯಲು ಬರುವವರಲ್ಲಿ ಆ ವರ್ಷ ಒಂದಿಷ್ಟೂ ಗದ್ದೆಯಿಲ್ಲದವರೂ ಇರುತ್ತಾರೆ.

ಗಿರಿಯಲ್ಲಿ ದಿನವಿಡೀ ಸುರಿಯುವ ಮಳೆ ಊರಿಗೆ ಬರುವ ಹೊತ್ತಿಗೆ ಜಿಟಿಜಿಟಿ ಹನಿಯಾಗಿ, ಪೂರ್ವದ ಲಕ್ಯಾ, ಬೆಳವಾಡಿಗಳ ಕಡೆಗೆ ಹೋದಾಗ ಬರಿಯ ಮೋಡದ ನೆರಳಾಗಿ ಉಳಿಯುತ್ತದೆ. ಒಂದೇ ತಾಲ್ಲೂಕಿನಲ್ಲಿ ಒಬ್ಬ ರೈತನು ಮಳೆ ನಿಲ್ಲಲೆಂದೂ ಇನ್ನೊಬ್ಬನು ಮಳೆ ಬರಲೆಂದೂ ಏಕಕಾಲದಲ್ಲಿ ಪ್ರಾರ್ಥಿಸುವುದುಂಟು. ಹೊಸದಾಗಿ ಬಂದು ನೆಲೆಸುವವನು ಈ ವೈಪರೀತ್ಯವನ್ನು ಮನಗಾಣದಿದ್ದರೆ ಈ ಊರನ್ನು ಅರಿತಂತಾಗುವುದಿಲ್ಲ.

ಕಾಫಿಯ ವಿಷಯ ಹೇಳದೆ ಚಿಕ್ಕಮಗಳೂರಿನ ಪರಿಚಯ ಪೂರ್ಣವಾಗದು. ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಹದಿನೇಳನೆಯ ಶತಮಾನದಲ್ಲಿ ಈ ಬೆಟ್ಟದಲ್ಲಿ ಬಿತ್ತಿದವರು ಬಾಬಾಬುಡನ್ ಎಂಬ ಸಂತರೆಂದು ಪರಂಪರೆ ಹೇಳುತ್ತದೆ. ಗಿರಿಗೆ ಅವರ ಹೆಸರೇ ನಿಂತಿದೆ. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಇಲ್ಲಿ ವ್ಯವಸ್ಥಿತವಾಗಿ ತೋಟ ಎಬ್ಬಿಸಿದನು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನ ಕೇಂದ್ರ ನಡೆದಿದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಎರಡಕ್ಕೂ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಆದರೆ ಈ ಊರಿನ ವರ್ಷವನ್ನು ಅಳೆಯುವುದು ಇಂತಹ ಇಸವಿಗಳಿಂದಲ್ಲ, ತೋಟದ ಕೆಲಸಗಳಿಂದ. ಚಳಿಗಾಲದಲ್ಲಿ ಹಣ್ಣು ಕೊಯ್ಲು, ಕಣದಲ್ಲಿ ಒಣಗಿಸುವುದು. ಬೇಸಗೆ ಕಾಲಿಡುತ್ತಿರುವಂತೆ ಹೂಮಳೆಗಾಗಿ ಕಾಯುವುದು. ಅದು ಬಂದು ಒಂದು ವಾರ ಕಳೆದ ಮೇಲೆ ಬೆಟ್ಟದ ಮಗ್ಗುಲೆಲ್ಲ ಬೆಳ್ಳಗಾಗಿ, ರಾತ್ರಿ ಕಿಟಕಿ ತೆರೆದರೆ ಊರಿನ ಒಳಗೂ ಕಂಪು ಬರುವುದು. ಬಳಿಕ ಮರಗಸಿ, ಚಿಗುರು ತೆಗೆಯುವುದು, ಗೊಬ್ಬರ. ಆಷಾಢದಲ್ಲಿ ಕೊಳೆರೋಗದ ಭಯ. ಹೂಮಳೆ ಹದವಾಗಿ ಬಿದ್ದ ವರ್ಷ ಬಟ್ಟೆ ಅಂಗಡಿಯವನ ಮುಖದಲ್ಲಿಯೂ ಕಳೆ ಇರುತ್ತದೆ. ಈ ಎಲ್ಲ ಕೆಲಸವನ್ನು ಮಾಡುವ ಕೈಗಳು ಮಾತ್ರ ತೋಟದ ಲೈನ್ ಮನೆಗಳಲ್ಲಿ ಇರುವವರವು. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಬರುತ್ತಿದ್ದವರ ಜಾಗದಲ್ಲಿ ಈಗ ಉತ್ತರ ಕರ್ನಾಟಕದ, ಅಸ್ಸಾಮಿನ ಜನ ಬರುತ್ತಿದ್ದಾರೆ. ಕಾಫಿಯ ಕೀರ್ತಿಯನ್ನು ಕೊಂಡಾಡುವ ಲೇಖನಗಳು ಇವರನ್ನು ಮರೆಯುವುದು ನ್ಯಾಯವಲ್ಲ.

ಪೇಟೆಯ ಕಾಫಿಪುಡಿ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಹುರಿದ ಬೀಜ ಯಂತ್ರದ ಬಾಯಿಗೆ ಬೀಳುವ ಸದ್ದು, ಕೆಳಗೆ ಬಿಸಿಬಿಸಿಯಾಗಿ ಉದುರುವ ಕಂದು ಪುಡಿ, ಅದನ್ನು ಪೊಟ್ಟಣಕ್ಕೆ ತುಂಬಿ ಎರಡು ಸಲ ಕುಟ್ಟಿ ಮಡಿಸುವ ಕೈ. "ಚಿಕೋರಿ ಎಷ್ಟು ಹಾಕ್ಲಿ, ಸಾರ್?" ಎಂಬ ಪ್ರಶ್ನೆ ಹೊಸಬರಿಗೆ ಮಾತ್ರ, ಹಳೆಯ ಗಿರಾಕಿಗಳ ಮನೆಯ ಹದ ಅಂಗಡಿಯವನಿಗೆ ಕಂಠಪಾಠವಾಗಿರುತ್ತದೆ. ಆ ಪ್ರಶ್ನೆ ನಿಂತುಹೋದ ದಿನ ಹೊಸಬನು ಊರಿನವನಾದನೆಂದು ತಿಳಿಯಬಹುದು.

ಊರಿನ ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ಸುಮಾರು 1 ಲಕ್ಷ 18 ಸಾವಿರ. ರುಕ್ಮಾಂಗದನು ಹಿರಿಯ ಮಗಳಿಗೂ ಕಿರಿಯ ಮಗಳಿಗೂ ಬಳುವಳಿಯಾಗಿ ಕೊಟ್ಟನೆಂದು ಹೇಳುವ ಎರಡು ಊರುಗಳಲ್ಲಿ ಒಂದಾದ ಹಿರೇಮಗಳೂರು ಇಂದು ನಗರದೊಡನೆ ಬೆಸೆದುಹೋಗಿದೆ. ಅಲ್ಲಿಯ ಕೋದಂಡರಾಮನಿಗೆ ಹಿರೇಮಗಳೂರು ಕಣ್ಣನ್ ಅವರ ಕಾರಣದಿಂದ ಕನ್ನಡದಲ್ಲಿ ಪೂಜೆ ಸಲ್ಲುತ್ತದೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಗೆದ್ದು ಲೋಕಸಭೆಗೆ ಹೋದದ್ದು ಇಲ್ಲಿಂದ. ರೈಲು ಬಂದದ್ದು ಮಾತ್ರ ಬಹಳ ತಡವಾಗಿ, 2013ರಲ್ಲಿ. ನರಕ ಚತುರ್ದಶಿಯ ಇರುಳಿನಲ್ಲಿ ಸಾವಿರಾರು ಜನ ಬರಿಗಾಲಿನಲ್ಲಿ ದೇವೀರಮ್ಮನ ಬೆಟ್ಟವನ್ನು ಏರುತ್ತಾರೆ; ಆ ಕಡಿದಾದ ಬೆಟ್ಟದಲ್ಲಿ ಮುದುಕರ ಕೈಹಿಡಿದು ಹತ್ತಿಸುವ ಅಪರಿಚಿತ ತರುಣರನ್ನು ನೋಡಿದವರಿಗೆ ಈ ಸೀಮೆಯ ಸ್ವಭಾವವನ್ನು ಬೇರೆ ವಿವರಿಸಬೇಕಾಗಿಲ್ಲ.

ಈಗ ಇಲ್ಲಿಗೆ ಬಂದು ನೆಲೆಸುವವರ ಸಂಖ್ಯೆ ಹೆಚ್ಚುತ್ತಿದೆ. ಬೆಂಗಳೂರಿನ ದಟ್ಟಣೆಯಿಂದ ದಣಿದವರು, ನಿವೃತ್ತರು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಉದ್ಯೋಗ ಮಾಡಬಲ್ಲ ತರುಣ ದಂಪತಿಗಳು, ಹೀಗೆ ನಾನಾ ವಿಧದವರು. ಇದು ಹೊಸತೇನೂ ಅಲ್ಲ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ವಿದ್ಯಾಭ್ಯಾಸ ಮುಗಿಸಿ, ನಗರದ ಉದ್ಯೋಗವನ್ನು ಅರಸದೆ, ಇದೇ ಜಿಲ್ಲೆಯ ಮೂಡಿಗೆರೆಯ ಕಡೆಗೆ ಬಂದು ತೋಟ ಮಾಡಿ, 2007ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯವರೇ ಆಗಿ ಬಾಳಿದರು. ಹಾಗೆ ಬಂದವರಿಗೆ ಊರು ಕೊಡುವುದು ಬಹಳ. ಕಚೇರಿ, ಶಾಲೆ, ಸಂತೆ ಎಲ್ಲವೂ ನಡೆದುಹೋಗುವ ದೂರದಲ್ಲಿ. ಸಂಜೆ ಐದು ನಿಮಿಷದ ದಾರಿಯಲ್ಲಿ ಕೆರೆ ಏರಿ. ಮಳೆಗಾಲದ ಮೊದಲಿಗೆ ಸಂತೆಗೆ ಬರುವ ಕಳಲೆ, ಅಣಬೆ. ಹೊಸ ಸಂಸಾರ ಬಂದಿತೆಂದು ಹಲಸಿನ ಹಣ್ಣನ್ನೋ ಬಾಳೆಯ ಗೊನೆಯನ್ನೋ ಬಾಗಿಲಿಗೆ ತಂದಿಡುವ ನೆರೆಹೊರೆ. ಕಷ್ಟಗಳೂ ಉಂಟು. ಆಷಾಢದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಮರ ಬಿದ್ದರೆ ವಿದ್ಯುತ್ತು ಯಾವಾಗ ಬರುವುದೆಂದು ಹೇಳುವಂತಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಈಚೆಗೆ ಬಂದಿದ್ದರೂ ಕಠಿಣವಾದ ಕಾಯಿಲೆಗೆ ಹಾಸನಕ್ಕೋ ಮಂಗಳೂರಿಗೋ ಮಣಿಪಾಲಕ್ಕೋ ಓಡುವ ವಾಡಿಕೆ ಇನ್ನೂ ತಪ್ಪಿಲ್ಲ. ಇವನ್ನೆಲ್ಲ ತಿಳಿದೇ ಬರಬೇಕು.

ನನ್ನ ಚಿಂತೆ ಬೇರೆಯದು. ಗಿರಿಯ ನೆತ್ತಿಯ ಬೋಳು ಹುಲ್ಲುಗಾವಲನ್ನು ನೋಡಿ, ಮರವಿಲ್ಲದ ಪಾಳುಭೂಮಿಯೆಂದು ಭ್ರಮಿಸುವವರು ಅನೇಕರು. ವಾಸ್ತವವಾಗಿ ಆ ಹುಲ್ಲೂ, ಕಣಿವೆಯ ಮಡಿಲುಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡೂ ಸೇರಿ, ಮಳೆನೀರು ಒಮ್ಮೆಗೇ ಕೊಚ್ಚಿಹೋಗದಂತೆ ತಡೆದು ನೆಲಕ್ಕೆ ಇಂಗಿಸಿ, ಮಳೆ ನಿಂತ ಎಷ್ಟೋ ತಿಂಗಳ ಬಳಿಕವೂ ಹಳ್ಳಗಳಲ್ಲಿ ಸಣ್ಣಗೆ ಹರಿಯುವಂತೆ ಮಾಡುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಇದೇ ಇಳಿಜಾರುಗಳನ್ನು ನೇರಳೆಯಾಗಿಸಿತು. ಅದನ್ನು ನೋಡಲು ಬಂದ ಜನಸಾಗರದ ಕಾಲಡಿಯಲ್ಲಿಯೇ ಎಷ್ಟೋ ಗಿಡಗಳು ನಲುಗಿದವು. ಶನಿವಾರ ಭಾನುವಾರಗಳಲ್ಲಿ ಗಿರಿಯ ಇಕ್ಕಟ್ಟಾದ ರಸ್ತೆಯಲ್ಲಿ ಸಾಲುಗಟ್ಟುವ ವಾಹನಗಳಿಗೆ ಜಿಲ್ಲಾಡಳಿತವು ಈಚೆಗೆ ಮುಂಗಡ ನೋಂದಣಿಯ ಕಟ್ಟಳೆ ಮಾಡಿರುವುದು ಯೋಗ್ಯವಾದ ಕ್ರಮ. ಆದರೆ ಬಂದುಹೋಗುವವರಿಗಿಂತ ನೆಲೆಸಲು ಬರುವವರ ಹೊಣೆ ದೊಡ್ಡದು. ಬೆಟ್ಟ ಕಾಣಬೇಕೆಂದು ಇಳಿಜಾರನ್ನು ಜೆಸಿಬಿಯಿಂದ ಕಡಿದು ಮನೆ ಕಟ್ಟಿದರೆ ಆ ಮಣ್ಣು ಮೊದಲ ಮಳೆಗೆ ಹಳ್ಳಕ್ಕೂ, ಹಳ್ಳದಿಂದ ಕೆರೆಗೂ ಇಳಿದು ಹೂಳಾಗುತ್ತದೆ. ಕೆರೆ ಕಾಣಬೇಕೆಂದು ಕೆರೆಯಂಗಳದಲ್ಲಿಯೇ ನಿವೇಶನ ಮಾಡಿದರೆ ಕೆರೆಯೇ ಉಳಿಯುವುದಿಲ್ಲ.

ಆದುದರಿಂದ ಇಲ್ಲಿಗೆ ಬರಲು ಮನಸ್ಸು ಮಾಡಿರುವ ಓದುಗರಲ್ಲಿ ಒಂದು ವಿಜ್ಞಾಪನೆ. ಜನವರಿಯ ಬಿಸಿಲಿನಲ್ಲಿ ಊರು ನೋಡಿ, ಮರುದಿನವೇ ಜಾಗಕ್ಕೆ ಮುಂಗಡ ಕೊಡಬೇಡಿ. ಮೊದಲು ಪೇಟೆಯ ಒಳಗೆ ಒಂದು ಬಾಡಿಗೆಯ ಮನೆ ಹಿಡಿಯಿರಿ. ಆರಿದ್ರೆಯಿಂದ ಮಘೆಯ ತನಕ ಒಂದು ಇಡೀ ಮಳೆಗಾಲವನ್ನು ಇಲ್ಲಿ ಕಳೆಯಿರಿ. ನೀವು ಕೊಳ್ಳಬೇಕೆಂದಿರುವ ಜಾಗದ ಮೇಲೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಕೊಡೆ ಹಿಡಿದು ಹೋಗಿ ಕಣ್ಣಾರೆ ನೋಡಿರಿ, ಪಕ್ಕದ ತೋಟದ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿರಿ. ಆ ನೀರಿನ ದಾರಿಯನ್ನು ಬಿಟ್ಟು ಉಳಿದ ಕಡೆ ಮನೆ ಕಟ್ಟಿಕೊಳ್ಳಿರಿ.